ಕರಜಗಿ ಭಾಗದ ಕರಿಕಲ್ಲು ಮತ್ತು ಎರೆಮಣ್ಣು: ಪ್ರಾಚೀನ ಜ್ವಾಲಾಮುಖಿಗಳ ಇತಿಹಾಸ ಹಾಗೂ ಅರ್ಜಿದಾರರಿಗೆ ಮಾಹಿತಿ

ಪೀಠಿಕೆ

ಕಲಬುರಗಿ ಜಿಲ್ಲೆಯ ಅಫಜಲಪುರ ತಾಲೂಕಿನ ಕರಜಗಿ ಹಾಗೂ ಸುತ್ತಲಿನ ಗ್ರಾಮಗಳಲ್ಲಿ ಹೊಲದ ಎರೆಮಣ್ಣು, ಬಾವಿಯ ಕರಿಕಲ್ಲು, ರಸ್ತೆಗೆ ಹಾಕುವ ಮುರುಂ ಮತ್ತು ಖಡಿ ಇವೆಲ್ಲವೂ ಒಂದೇ ಮೂಲದಿಂದ ಬಂದವುಗಳಾಗಿವೆ. ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ಭೂಮಿಯ ಒಡಲಿನಿಂದ ಹೊರಹರಿದ ಲಾವಾರಸವೇ ಆ ಮೂಲ. ಭಾರತ ಆಗ ಏಷ್ಯಾ ಖಂಡಕ್ಕೆ ಸೇರಿರಲಿಲ್ಲ; ಸಾಗರದ ನಡುವೆ ಉತ್ತರಾಭಿಮುಖವಾಗಿ ಚಲಿಸುತ್ತಿದ್ದ ಒಂದು ಬೃಹತ್ ದ್ವೀಪವಾಗಿತ್ತು.

ಕೊಳವೆಬಾವಿ, ತೆರೆದ ಬಾವಿ, ಮನೆ ನಿರ್ಮಾಣ, ಮಣ್ಣು ಪರೀಕ್ಷೆ ಹಾಗೂ ಕಲ್ಲು-ಮುರುಂ ತೆಗೆಯುವ ಅನುಮತಿಗಾಗಿ ಅರ್ಜಿ ಸಲ್ಲಿಸುವ ಸಾರ್ವಜನಿಕರು ತಮ್ಮ ಜಮೀನಿನ ಕೆಳಗಿರುವ ಪದರಗಳ ಸ್ವರೂಪವನ್ನು ತಿಳಿದಿರುವುದು ಅವಶ್ಯಕ. ಇದನ್ನು ತಿಳಿಯದೆ ಸಾಲ ಮಾಡಿ ಕೊರೆಯಿಸಿದ ಕೊಳವೆಬಾವಿ ಒಣಗಿ ನಿಲ್ಲುವುದು, ಹೊಸ ಮನೆಯ ಗೋಡೆ ಎರಡನೆಯ ಬೇಸಿಗೆಗೇ ಬಿರುಕು ಬಿಡುವುದು ಈ ಭಾಗದಲ್ಲಿ ಅಪರೂಪವಲ್ಲ. ಅಲ್ಲದೆ, ಭೂಮಿಯೊಳಗಿನಿಂದ ಸದ್ದು ಕೇಳಿಬಂದಾಗಲೆಲ್ಲ ಜ್ವಾಲಾಮುಖಿ ಏಳುವುದೆಂಬ ವದಂತಿ ಹರಡುವುದೂ ಉಂಟು. ಈ ವಿಷಯಗಳ ಕುರಿತು ಅಗತ್ಯ ವಿವರಣೆಯನ್ನು ಕೆಳಗೆ ನೀಡಲಾಗಿದೆ.

1. ದಖ್ಖನ್ ಲಾವಾ ಪ್ರಸ್ಥಭೂಮಿ ಎಂದರೇನು?

ಮಹಾರಾಷ್ಟ್ರದ ಬಹುಭಾಗ, ಮಧ್ಯಪ್ರದೇಶ, ಗುಜರಾತ್, ತೆಲಂಗಾಣಗಳ ಕೆಲ ಭಾಗ ಹಾಗೂ ಕರ್ನಾಟಕದ ಬೀದರ್, ಕಲಬುರಗಿ, ವಿಜಯಪುರ, ಬಾಗಲಕೋಟೆ ಮತ್ತು ಬೆಳಗಾವಿ ಜಿಲ್ಲೆಗಳ ಉತ್ತರ ಭಾಗಗಳಲ್ಲಿ ಬಸಾಲ್ಟ್ ಎಂಬ ಕಪ್ಪು ಅಗ್ನಿಶಿಲೆ ಹಾಸಿಕೊಂಡಿದೆ. ಇದರ ಈಗಿನ ವಿಸ್ತಾರ ಸುಮಾರು 5 ಲಕ್ಷ ಚದರ ಕಿಲೋಮೀಟರ್. ಇದನ್ನು ಭೂವಿಜ್ಞಾನಿಗಳು ದಖ್ಖನ್ ಟ್ರ್ಯಾಪ್ ಎಂದು ಕರೆಯುತ್ತಾರೆ. ಟ್ರ್ಯಾಪ್ ಎಂಬ ಪದ ಮೆಟ್ಟಿಲು ಎಂಬರ್ಥದ ಸ್ವೀಡಿಷ್ ಪದದಿಂದ ಬಂದಿದೆ. ಲಾವಾ ಒಂದರ ಮೇಲೊಂದು ಪದರವಾಗಿ ಹರಡಿ, ನಂತರ ಮಳೆ ಗಾಳಿಗಳಿಂದ ಸವೆದು, ಬೆಟ್ಟದ ಮೈ ಮೆಟ್ಟಿಲುಗಳಂತೆ ಕಾಣುವುದರಿಂದ ಈ ಹೆಸರು ಬಂದಿತು.

ಲಾವಾ ಪದರಗಳ ಒಟ್ಟು ದಪ್ಪ ಎಲ್ಲೆಡೆ ಒಂದೇ ಆಗಿಲ್ಲ. ಪಶ್ಚಿಮ ಘಟ್ಟಗಳಲ್ಲಿ ಇದು ಅತ್ಯಧಿಕವಾಗಿದ್ದು, ಪೂರ್ವ ಹಾಗೂ ದಕ್ಷಿಣಕ್ಕೆ ಸರಿದಂತೆ ತೆಳುವಾಗುತ್ತದೆ. ಮಹಾರಾಷ್ಟ್ರದ ಕೊಯ್ನಾದಲ್ಲಿ ನಡೆಸಿದ ಕೊರೆತದಲ್ಲಿ ಬಸಾಲ್ಟ್ 900 ಮೀಟರಿಗೂ ಹೆಚ್ಚು ಆಳದವರೆಗೆ ಕಂಡುಬಂದರೆ, ಆಳಂದ ತಾಲೂಕಿನ ಉತ್ತರಕ್ಕೆ ಗಡಿಯಾಚೆ ಇರುವ ಕಿಲ್ಲಾರಿಯಲ್ಲಿ 338 ಮೀಟರ್ ಆಳಕ್ಕೇ ಮುಗಿದು ಅದರಡಿ ಪ್ರಾಚೀನ ಶಿಲೆ ಸಿಕ್ಕಿತು. ಕಲಬುರಗಿ ಜಿಲ್ಲೆಯು ಈ ಲಾವಾ ಹಾಸಿನ ಆಗ್ನೇಯ ಅಂಚಿನಲ್ಲಿರುವುದರಿಂದ ಇಲ್ಲಿ ಒಂದೇ ಜಿಲ್ಲೆಯೊಳಗೆ ಮೂರು ಬಗೆಯ ಶಿಲೆಗಳು ಕಂಡುಬರುತ್ತವೆ.

(ಅ) ಆಳಂದ ಮತ್ತು ಅಫಜಲಪುರ ತಾಲೂಕುಗಳು: ಬಹುಭಾಗ ಬಸಾಲ್ಟ್. ಅದರ ಮೇಲೆ ಎರೆಮಣ್ಣು. ಕರಜಗಿಯು ಈ ಭಾಗಕ್ಕೆ ಸೇರಿದೆ.

(ಆ) ಶಹಾಬಾದ್, ಚಿತ್ತಾಪುರ, ಸೇಡಂ ಹಾಗೂ ಜೇವರ್ಗಿ ತಾಲೂಕಿನ ಕೆಲಭಾಗ: ಭೀಮಾ ಶಿಲಾವರ್ಗದ ಸುಣ್ಣಕಲ್ಲು. ಮನೆಗಳ ನೆಲಕ್ಕೆ ಹಾಸುವ ಶಹಾಬಾದ್ ಫರಸಿ ಇದೇ ಶಿಲೆ. ಇದು ಲಾವಾ ಹರಿಯುವುದಕ್ಕಿಂತ ಬಹಳ ಹಿಂದೆ, ಆಳವಿಲ್ಲದ ಸಮುದ್ರದಲ್ಲಿ ನಿಕ್ಷೇಪಗೊಂಡುದಾಗಿದೆ.

(ಇ) ದಕ್ಷಿಣದ ಅಂಚು ಹಾಗೂ ಯಾದಗಿರಿ ಜಿಲ್ಲೆಯ ಕಡೆ: ಗ್ರಾನೈಟ್ ಮತ್ತು ಅದಕ್ಕೆ ಸಂಬಂಧಿಸಿದ ಶಿಲೆಗಳು. ಇವು ಮೂರರಲ್ಲಿ ಅತ್ಯಂತ ಹಳೆಯವು.

ಒಂದು ಗ್ರಾಮದಲ್ಲಿ ನೀರು ದೊರೆತ ಆಳವನ್ನು ಇನ್ನೊಂದು ಗ್ರಾಮಕ್ಕೆ ಅನ್ವಯಿಸುವುದು ಏಕೆ ಸರಿಯಲ್ಲವೆಂಬುದು ಇದರಿಂದಲೇ ತಿಳಿಯುತ್ತದೆ.

2. ಲಾವಾ ಹೊರಬಂದ ಬಗೆ

ಜ್ವಾಲಾಮುಖಿ ಎಂದೊಡನೆ ಶಿಖರದಿಂದ ಹೊಗೆಯುಗುಳುವ ಶಂಕುವಿನಾಕಾರದ ಪರ್ವತದ ಚಿತ್ರ ಮನಸ್ಸಿಗೆ ಬರುತ್ತದೆ. ದಖ್ಖನ್‌ನಲ್ಲಿ ನಡೆದುದು ಬಹುಮಟ್ಟಿಗೆ ಅಂತಹ ಸ್ಫೋಟವಲ್ಲ. ಇಲ್ಲಿ ನೆಲವು ಉದ್ದುದ್ದನಾಗಿ ಬಿರಿದು, ಆ ಬಿರುಕುಗಳಿಂದ 1,100 ಡಿಗ್ರಿ ಸೆಲ್ಸಿಯಸ್‌ನಷ್ಟು ಕಾದ ತೆಳು ಲಾವಾರಸ ಉಕ್ಕಿ ತಗ್ಗಿನತ್ತ ಹರಿಯಿತು. ಹೀಗೆ ಹರಿದುದು ತಣ್ಣಗಾಗಿ ಕಲ್ಲಾದ ನಂತರ, ಕೆಲವೊಮ್ಮೆ ಸಾವಿರಾರು ವರ್ಷ ಕಳೆದ ಮೇಲೆ, ಮತ್ತೊಂದು ಹರಿವು ಅದರ ಮೇಲೆ ಬಂದಿತು. ಹರಿವಿನ ಬಹುಭಾಗವು ಸುಮಾರು ಹತ್ತು ಲಕ್ಷ ವರ್ಷಗಳೊಳಗೆ ನಡೆಯಿತೆಂದು ಶಿಲೆಗಳ ಕಾಲನಿರ್ಣಯದಿಂದ ತಿಳಿದುಬಂದಿದೆ. ಮಾನವನ ಲೆಕ್ಕದಲ್ಲಿ ಇದು ದೀರ್ಘಕಾಲವಾದರೂ ಭೂಮಿಯ ಇತಿಹಾಸದಲ್ಲಿ ಅತ್ಯಲ್ಪ ಅವಧಿಯಾಗಿದೆ.

ಆಂಧ್ರಪ್ರದೇಶದ ರಾಜಮಂಡ್ರಿಯ ಬಳಿಯೂ ಇದೇ ಬಗೆಯ ಬಸಾಲ್ಟ್ ದೊರೆಯುತ್ತದೆ. ಪಶ್ಚಿಮದಲ್ಲಿ ಹುಟ್ಟಿದ ಲಾವಾ ಅಂದಿನ ನದೀಕಣಿವೆಗಳ ಜಾಡು ಹಿಡಿದು ಸುಮಾರು 1,000 ಕಿಲೋಮೀಟರ್ ಹರಿದು ಅಲ್ಲಿಗೆ ತಲುಪಿತೆಂದು ಅಧ್ಯಯನಗಳು ಸೂಚಿಸಿವೆ.

ಎರಡು ಹರಿವುಗಳ ನಡುವಿನ ಬಿಡುವಿನಲ್ಲಿ ಈ ನೆಲದ ಮೇಲೆ ಮಳೆಯಾಯಿತು, ಮಣ್ಣು ಮೂಡಿತು, ಕೆರೆಗಳು ತುಂಬಿದವು, ಜೀವಿಗಳು ಬಾಳಿದವು. ಮುಂದಿನ ಹರಿವು ಆ ಕೆರೆಯ ಕೆಸರನ್ನು ಮುಚ್ಚಿ ಹಾಕಿತು. ಇಂತಹ ಪದರಗಳಲ್ಲಿ ಸಿಹಿನೀರಿನ ಜೀವಿಗಳ ಪಳೆಯುಳಿಕೆಗಳು ಸಿಗುತ್ತವೆ. ಹಿಂದೆ ಗುಲಬರ್ಗಾ ಜಿಲ್ಲೆಯಲ್ಲಿದ್ದು ಈಗ ಯಾದಗಿರಿ ಜಿಲ್ಲೆಗೆ ಸೇರಿರುವ ಗುರುಮಠಕಲ್ ಸಮೀಪದ ಇಂತಹ ಪದರಗಳನ್ನು ವಿಜ್ಞಾನಿಗಳು ಅಧ್ಯಯನ ಮಾಡಿದ್ದಾರೆ.

ಡೈನೋಸಾರ್‌ಗಳ ಅಳಿವು ಸಹ ಇದೇ ಕಾಲಘಟ್ಟದಲ್ಲಿ ಸಂಭವಿಸಿತು. ಮೆಕ್ಸಿಕೋ ದೇಶದ ಚಿಕ್ಸುಲುಬ್ ಎಂಬಲ್ಲಿ ಅಪ್ಪಳಿಸಿದ ಬೃಹತ್ ಆಕಾಶಕಾಯವು ಇದಕ್ಕೆ ಮುಖ್ಯ ಕಾರಣವೆಂದು ಬಹುಪಾಲು ವಿಜ್ಞಾನಿಗಳು ಒಪ್ಪಿದ್ದಾರೆ. ದಖ್ಖನ್ ಲಾವಾದೊಂದಿಗೆ ಹೊರಬಂದ ಗಂಧಕದ ಹಾಗೂ ಇಂಗಾಲದ ಅನಿಲಗಳು ವಾಯುಗುಣವನ್ನು ಎಷ್ಟರಮಟ್ಟಿಗೆ ಕೆಡಿಸಿದವೆಂಬ ಬಗ್ಗೆ ಚರ್ಚೆ ಮುಂದುವರಿದಿದೆ.

3. ದ್ವೀಪವಾಗಿದ್ದ ಭಾರತ ಮತ್ತು ಅದರ ಜಾಡು

ಭೂಮಿಯ ಹೊರಪದರವು ಹಲವು ಫಲಕಗಳಾಗಿ ಒಡೆದಿದ್ದು, ಇವು ವರ್ಷಕ್ಕೆ ಕೆಲವು ಸೆಂಟಿಮೀಟರಿನಂತೆ ಚಲಿಸುತ್ತವೆ. ಸುಮಾರು 8 ಕೋಟಿ 80 ಲಕ್ಷ ವರ್ಷಗಳ ಹಿಂದೆ ಭಾರತವು ಮಡಗಾಸ್ಕರ್‌ನಿಂದ ಬೇರ್ಪಟ್ಟಿತು. ಆ ಕಾಲದ ಅಗ್ನಿಕಾರ್ಯದ ಕುರುಹನ್ನು ಉಡುಪಿ ಜಿಲ್ಲೆಯ ಮಲ್ಪೆ ಬಂದರಿನ ಎದುರಿಗಿರುವ ಸೇಂಟ್ ಮೇರೀಸ್ ದ್ವೀಪಗಳಲ್ಲಿ ಕಾಣಬಹುದು. ಅಲ್ಲಿ ಲಾವಾ ತಣಿಯುವಾಗ ಕುಗ್ಗಿ ಬಹುಮುಖಗಳ ಕಂಬಗಳಾಗಿ ಸೀಳಿದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯು ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ.

ಮಡಗಾಸ್ಕರ್‌ನಿಂದ ಬೇರ್ಪಟ್ಟ ಭಾರತ ಉತ್ತರಕ್ಕೆ ಸಾಗುತ್ತಾ, ಭೂಗರ್ಭದ ಆಳದಿಂದ ಬಿಸಿ ಶಿಲಾಪಾಕ ಮೇಲೇರುವ ಒಂದು ತಾಣದ ಮೇಲೆ ಹಾದುಹೋಯಿತು. ದಖ್ಖನ್ ಲಾವಾ ಹೊರಬಂದುದು ಆಗಲೇ ಎಂಬುದು ವಿಜ್ಞಾನಿಗಳಲ್ಲಿ ವ್ಯಾಪಕವಾಗಿ ಒಪ್ಪಿತವಾದ ವಿವರಣೆಯಾಗಿದೆ. ಭಾರತ ಮುಂದೆ ಸಾಗಿತು. ಆ ಬಿಸಿತಾಣ ಹಿಂದೆಯೇ ಉಳಿಯಿತು. ಅದು ಸಾಗರತಳದಲ್ಲಿ ಬಿಟ್ಟ ಜಾಡಿನ ಮೇಲೆ ಲಕ್ಷದ್ವೀಪ, ಮಾಲ್ಡೀವ್ಸ್ ಮತ್ತು ಛಾಗೋಸ್ ಹವಳದ್ವೀಪಗಳು ನಿಂತಿವೆ. ಮಾರಿಷಸ್ ದ್ವೀಪವು ಇದೇ ಜಾಡಿನ ಇತ್ತೀಚಿನ ಭಾಗ. ಜಾಡಿನ ಕೊನೆಯಲ್ಲಿರುವ ರಿಯೂನಿಯನ್ ದ್ವೀಪದ ಪಿಟೋನ್ ದ ಲಾ ಫೂರ್ನೇಸ್ ಜ್ವಾಲಾಮುಖಿ ಇಂದಿಗೂ ಜಗತ್ತಿನ ಅತ್ಯಂತ ಸಕ್ರಿಯ ಜ್ವಾಲಾಮುಖಿಗಳಲ್ಲಿ ಒಂದಾಗಿದೆ. ರಿಯೂನಿಯನ್ ಭೂಮಧ್ಯರೇಖೆಯ ದಕ್ಷಿಣಕ್ಕೆ 21 ಡಿಗ್ರಿ ಅಕ್ಷಾಂಶದಲ್ಲಿದ್ದರೆ ಅಫಜಲಪುರ ಉತ್ತರಕ್ಕೆ 17 ಡಿಗ್ರಿಯಲ್ಲಿದೆ. ಕರಜಗಿಯ ನೆಲದಡಿ ಒಲೆಯ ಬೂದಿ ಉಳಿದಿದೆಯೇ ಹೊರತು ಒಲೆ ಉಳಿದಿಲ್ಲವೆಂಬುದನ್ನು ಈ ಅಂತರವೇ ಸ್ಪಷ್ಟಪಡಿಸುತ್ತದೆ.

4. ಇತಿಹಾಸಕಾಲದ ಉದಾಹರಣೆ: ಐಸ್‌ಲ್ಯಾಂಡ್

ದಖ್ಖನ್ ಲಾವಾ ಹರಿದುದನ್ನು ಕಂಡ ಮನುಷ್ಯರಿಲ್ಲ. ಆದರೆ ಅದೇ ಬಗೆಯ ಬಿರುಕಿನ ಹರಿವನ್ನು ಉತ್ತರ ಅಟ್ಲಾಂಟಿಕ್ ಸಾಗರದ ದ್ವೀಪರಾಷ್ಟ್ರವಾದ ಐಸ್‌ಲ್ಯಾಂಡಿನ ಜನ ಕಂಡು ದಾಖಲಿಸಿದ್ದಾರೆ. 1783ರ ಜೂನ್ 8ರಂದು ಆ ದೇಶದ ದಕ್ಷಿಣ ಭಾಗದ ಲಾಕಿ ಎಂಬಲ್ಲಿ ಸುಮಾರು 27 ಕಿಲೋಮೀಟರ್ ಉದ್ದಕ್ಕೆ ನೆಲ ಬಿರಿಯಿತು. 1784ರ ಫೆಬ್ರವರಿಯವರೆಗೆ, ಎಂಟು ತಿಂಗಳ ಕಾಲ, ಲಾವಾ ಹರಿಯಿತು. ಹೊರಬಂದ ಲಾವಾ ಸುಮಾರು 15 ಘನ ಕಿಲೋಮೀಟರ್.

ಜನರನ್ನು ಕೊಂದುದು ಮುಖ್ಯವಾಗಿ ಲಾವಾ ಅಲ್ಲ. ಅದರೊಂದಿಗೆ ಹೊರಬಂದ ಗಂಧಕ ಮತ್ತು ಫ್ಲೋರಿನ್ ಅನಿಲಗಳು ಹುಲ್ಲುಗಾವಲಿನ ಮೇಲೆ ಇಳಿದವು. ವಿಷಪೂರಿತ ಹುಲ್ಲು ಮೇದ ಕುರಿ, ದನ, ಕುದುರೆಗಳು ಸತ್ತವು. ನಂತರದ ಬರಗಾಲದಲ್ಲಿ ಐಸ್‌ಲ್ಯಾಂಡಿನ ಜನಸಂಖ್ಯೆಯ ಸುಮಾರು ಐದನೆಯ ಒಂದು ಭಾಗ ಅಳಿಯಿತು. ಲಾಕಿಯ ಮಬ್ಬು ಯುರೋಪಿನವರೆಗೂ ಹರಡಿತು.

ದಖ್ಖನ್‌ನಲ್ಲಿ ಹರಿದ ಲಾವಾದ ಪ್ರಮಾಣವನ್ನು 5 ಲಕ್ಷ ಘನ ಕಿಲೋಮೀಟರಿಗೂ ಹೆಚ್ಚೆಂದು ಅಂದಾಜಿಸಲಾಗಿದೆ. ಅಂದರೆ ಲಾಕಿಯಂತಹ 30,000ಕ್ಕೂ ಹೆಚ್ಚು ಹರಿವುಗಳು ಸೇರಿದಷ್ಟು. ಕರಜಗಿಯ ಒಂದು ಬಾವಿಯಲ್ಲಿ ಕಾಣುವ ಒಂದೊಂದು ಕರಿಪದರವೂ ಅಂತಹ ಒಂದು ಹರಿವಿನ ಅಥವಾ ಅದರ ಭಾಗದ ದಾಖಲೆಯಾಗಿದೆ.

ಐಸ್‌ಲ್ಯಾಂಡಿನಲ್ಲಿ ಈ ಕ್ರಿಯೆ ಇಂದಿಗೂ ನಡೆಯುತ್ತಿದೆ. 2023ರ ನವೆಂಬರ್‌ನಲ್ಲಿ ನೆಲ ಬಿರಿಯುವ ಲಕ್ಷಣಗಳನ್ನು ಕಂಪನಮಾಪಕಗಳಿಂದ ಮುಂಚಿತವಾಗಿ ತಿಳಿದು ಗ್ರಿಂಡವಿಕ್ ಪಟ್ಟಣದ ಸುಮಾರು 3,800 ನಿವಾಸಿಗಳನ್ನು ತೆರವುಗೊಳಿಸಲಾಯಿತು. ಮುಂದಿನ ತಿಂಗಳು ಆ ಪಟ್ಟಣದ ಸಮೀಪದಲ್ಲಿಯೇ ಲಾವಾ ಹೊರಬಂದಿತು.

5. ಭಾರತದಲ್ಲಿ ಈಗ ಸಕ್ರಿಯವಾಗಿರುವ ಜ್ವಾಲಾಮುಖಿ

ಭಾರತದ ಭೂಪ್ರದೇಶದಲ್ಲಿ ಸಕ್ರಿಯವಾಗಿರುವುದು ಅಂಡಮಾನ್ ಸಮುದ್ರದ ಬ್ಯಾರನ್ ದ್ವೀಪದ ಜ್ವಾಲಾಮುಖಿ ಮಾತ್ರ. ಇದರ ಮೊದಲ ದಾಖಲಿತ ಸ್ಫೋಟ 1787ರಲ್ಲಿ ನಡೆಯಿತು. ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಶಾಂತವಾಗಿದ್ದ ಇದು 1991ರಲ್ಲಿ ಪುನಃ ಸ್ಫೋಟಿಸಿತು. ನಂತರವೂ ಹಲವು ಬಾರಿ ಲಾವಾ ಮತ್ತು ಬೂದಿಯನ್ನು ಉಗುಳಿದೆ. ದ್ವೀಪದಲ್ಲಿ ಜನವಸತಿ ಇಲ್ಲ. ಒಂದು ಫಲಕ ಇನ್ನೊಂದರ ಕೆಳಗೆ ತೂರುವ ಅಂಚಿನಲ್ಲಿ ಆ ದ್ವೀಪವಿದೆ. ದಖ್ಖನ್ ಪ್ರಸ್ಥಭೂಮಿ ಅಂತಹ ಅಂಚಿನಲ್ಲಿಲ್ಲ.

6. ಬಾವಿಯ ಗೋಡೆಯಲ್ಲಿ ಕಾಣುವ ಪದರಗಳು

ಬಸಾಲ್ಟ್ ಪ್ರದೇಶದ ತೆರೆದ ಬಾವಿಯೊಂದರ ಗೋಡೆಯನ್ನು ಮೇಲಿನಿಂದ ಕೆಳಕ್ಕೆ ಗಮನಿಸಿದಲ್ಲಿ ಸಾಮಾನ್ಯವಾಗಿ ಈ ಕೆಳಕಂಡ ಕ್ರಮ ಕಂಡುಬರುತ್ತದೆ. ಸ್ಥಳದಿಂದ ಸ್ಥಳಕ್ಕೆ ಪದರಗಳ ದಪ್ಪ ಬದಲಾಗುತ್ತದೆ. ಕೆಲವು ಪದರಗಳು ಇಲ್ಲದಿರಲೂಬಹುದು.

(1) ಎರೆಮಣ್ಣು: ಬಸಾಲ್ಟ್ ಶಿಥಿಲಗೊಂಡು ಉಂಟಾದ ಕಪ್ಪು ಜೇಡಿ. ನದಿಬಯಲಿನಲ್ಲಿ ಆಳವಾಗಿಯೂ ಮಡ್ಡಿಯ ಮೇಲೆ ತೆಳುವಾಗಿಯೂ ಇರುತ್ತದೆ. ಕೆಳಭಾಗದಲ್ಲಿ ಬಿಳಿಯ ಸುಣ್ಣದ ಹರಳುಗಳು ಕಾಣುತ್ತವೆ.

(2) ಮುರುಂ: ಅರ್ಧ ಶಿಥಿಲಗೊಂಡ ಕಲ್ಲು. ಈರುಳ್ಳಿಯ ಸಿಪ್ಪೆಯಂತೆ ಪದರ ಪದರವಾಗಿ ಸುಲಿದುಕೊಳ್ಳುವ ಗುಂಡುಗಳು ಇದರಲ್ಲಿರುತ್ತವೆ. ಮಳೆನೀರು ಸುಲಭವಾಗಿ ಇಂಗಿ ನಿಲ್ಲುವ ಪದರವಿದು. ತೆರೆದ ಬಾವಿಗಳಿಗೆ ಬರುವ ನೀರಿನ ಬಹುಭಾಗ ಇಲ್ಲಿಂದಲೇ ಬರುತ್ತದೆ.

(3) ರಂಧ್ರಯುಕ್ತ ಬಸಾಲ್ಟ್: ಲಾವಾ ಹರಿವಿನ ಮೇಲ್ಭಾಗದಲ್ಲಿ ಅನಿಲದ ಗುಳ್ಳೆಗಳು ಸಿಕ್ಕಿಬಿದ್ದು ಉಂಟಾದ ತೂತುಗಳುಳ್ಳ ಕಲ್ಲು. ತೂತುಗಳಲ್ಲಿ ಬಿಳಿ ಹರಳುಗಳು ತುಂಬಿರುವುದುಂಟು. ಇದು ಬೇಗ ಶಿಥಿಲವಾಗುವುದರಿಂದ ನೀರು ಸಿಗುವ ಸಂಭವ ಹೆಚ್ಚು.

(4) ಗಟ್ಟಿ ಬಸಾಲ್ಟ್: ಹರಿವಿನ ಮಧ್ಯಭಾಗ. ನಿಧಾನವಾಗಿ ತಣಿದ, ಗುಳ್ಳೆಯಿಲ್ಲದ ಕಲ್ಲು. ಬಿರುಕು ಮತ್ತು ಸೀಳುಗಳಿರುವಲ್ಲಿ ಮಾತ್ರ ನೀರು. ಬಿರುಕಿಲ್ಲದಿದ್ದಲ್ಲಿ ನೂರಾರು ಅಡಿ ಕೊರೆದರೂ ಒಣಪುಡಿಯೇ ಬರುತ್ತದೆ.

(5) ಕೆಂಪು ಜೇಡಿಯ ಪಟ್ಟಿ: ಎರಡು ಹರಿವುಗಳ ನಡುವಿನ ತೆಳು ಕೆಂಪು ಪದರ. ಹಿಂದಿನ ಹರಿವಿನ ಮೇಲ್ಮೈ ಬಹುಕಾಲ ತೆರೆದುಕೊಂಡಿದ್ದಾಗ ಮೂಡಿದ ಮಣ್ಣು ಇದು. ಇದರ ಕೆಳಗೆ ಇನ್ನೊಂದು ಹರಿವಿನ ರಂಧ್ರಯುಕ್ತ ಭಾಗ ಆರಂಭವಾಗುವುದರಿಂದ, ಈ ಸಂಧಿಯಲ್ಲಿ ಕೆಲವೊಮ್ಮೆ ನೀರು ಸಿಗುತ್ತದೆ. ಜೇಡಿ ಕುಸಿದು ಕೊಳವೆ ಮುಚ್ಚಿಹೋಗುವ ಅಪಾಯವೂ ಇಲ್ಲಿದೆ.

ಬೀದರ್ ನಗರದ ಐತಿಹಾಸಿಕ ಕರೇಜ್ ಸುರಂಗಗಳು ಇದೇ ತಿಳಿವಳಿಕೆಯ ಫಲವಾಗಿವೆ. ಅಲ್ಲಿ ಬಸಾಲ್ಟ್‌ನ ಮೇಲೆ ಜಂಬಿಟ್ಟಿಗೆಯ ಪದರವಿದ್ದು, ಅದರೊಳಗೆ ಇಳಿದ ಮಳೆನೀರು ಕೆಳಗಿನ ಗಟ್ಟಿ ಕಲ್ಲಿನ ಮೇಲೆ ತಡೆದು ನಿಲ್ಲುತ್ತದೆ. ಬಹಮನಿ ಅರಸರ ಕಾಲದಲ್ಲಿ ಆ ನೀರನ್ನು ಸುರಂಗದ ಮೂಲಕ ಊರಿಗೆ ಹರಿಸಲಾಯಿತು. ಇನ್ನು ಗಟ್ಟಿ ಬಸಾಲ್ಟ್‌ನ ಬಾಳಿಕೆಗೆ 1656ರಲ್ಲಿ ಪೂರ್ಣಗೊಂಡ ವಿಜಯಪುರದ ಗೋಲಗುಮ್ಮಟವೇ ಸಾಕ್ಷಿಯಾಗಿದೆ.

7. ಅರ್ಜಿದಾರರು ಗಮನಿಸಬೇಕಾದ ಅಂಶಗಳು

7.1 ಕೊಳವೆಬಾವಿ ಮತ್ತು ತೆರೆದ ಬಾವಿ

(ಅ) ಬಸಾಲ್ಟ್ ಪ್ರದೇಶದಲ್ಲಿ ಆಳ ಹೆಚ್ಚಿದಂತೆ ನೀರು ಹೆಚ್ಚುವುದೆಂಬ ನಂಬಿಕೆ ಸರಿಯಲ್ಲ. ನೀರು ನಿಲ್ಲುವುದು ಶಿಥಿಲ ಪದರ, ರಂಧ್ರಯುಕ್ತ ಭಾಗ, ಹರಿವುಗಳ ಸಂಧಿ ಮತ್ತು ಬಿರುಕುಗಳಲ್ಲಿ ಮಾತ್ರ. ಇವು ಮುಗಿದ ಮೇಲೆ ಮುಂದುವರಿಸಿದ ಪ್ರತಿ ಅಡಿ ಕೊರೆತವೂ ರೈತನ ಸಾಲವನ್ನು ಹೆಚ್ಚಿಸುತ್ತದೆ.

(ಆ) ಸ್ಥಳ ಆಯ್ಕೆಗೆ ಮುನ್ನ ಭೂವಿಜ್ಞಾನಿಯಿಂದ ಪರಿಶೀಲನೆ ಮಾಡಿಸುವುದು ಸೂಕ್ತ. ಅಂತರ್ಜಲ ಮಟ್ಟ ಮತ್ತು ಪ್ರದೇಶದ ಸ್ಥಿತಿಯ ಬಗ್ಗೆ ಅಂತರ್ಜಲ ನಿರ್ದೇಶನಾಲಯದ ಜಿಲ್ಲಾ ಕಛೇರಿಯಲ್ಲಿ ವಿಚಾರಿಸಬಹುದು. ನೆರೆಯ ಬಾವಿಗಳ ಆಳ, ನೀರು ಸಿಕ್ಕ ಮಟ್ಟ ಮತ್ತು ಬೇಸಿಗೆಯಲ್ಲಿನ ಸ್ಥಿತಿಯನ್ನು ಬರೆದುಕೊಂಡು ಹೋದಲ್ಲಿ ಪರಿಶೀಲನೆಗೆ ಅನುಕೂಲವಾಗುತ್ತದೆ.

(ಇ) ಕೊರೆಯುವಾಗ ಹೊರಬರುವ ಪುಡಿಯ ಬಣ್ಣವನ್ನು ಗಮನಿಸಿ, ಅದು ಬದಲಾದ ಆಳವನ್ನು ಗುರುತು ಹಾಕಿಕೊಳ್ಳಬೇಕು. ಬೂದುಗಪ್ಪು ನುಣ್ಣನೆಯ ಪುಡಿ ಗಟ್ಟಿ ಕಲ್ಲನ್ನೂ, ಬಿಳಿ ಹರಳು ಬೆರೆತ ಪುಡಿ ರಂಧ್ರಯುಕ್ತ ಭಾಗವನ್ನೂ, ಕೆಂಪು ಪುಡಿ ಹರಿವುಗಳ ಸಂಧಿಯನ್ನೂ ಸಾಮಾನ್ಯವಾಗಿ ಸೂಚಿಸುತ್ತದೆ.

(ಈ) ಕರ್ನಾಟಕ ಅಂತರ್ಜಲ (ಕುಡಿಯುವ ನೀರಿನ ಮೂಲಗಳ ಸಂರಕ್ಷಣೆಗಾಗಿ ವಿನಿಯಮನ) ಅಧಿನಿಯಮ, 1999ರ ಮೇರೆಗೆ ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಅನುಮತಿಯಿಲ್ಲದೆ ಬಾವಿ ತೋಡುವಂತಿಲ್ಲ. 2011ರ ಅಂತರ್ಜಲ ಅಧಿನಿಯಮದಂತೆ ಅಧಿಸೂಚಿತ ಪ್ರದೇಶಗಳಲ್ಲಿ ಬಾವಿ ತೋಡಲು ಪೂರ್ವಾನುಮತಿ ಪಡೆಯತಕ್ಕದ್ದು. ತಮ್ಮ ಗ್ರಾಮ ಅಧಿಸೂಚಿತ ಪ್ರದೇಶದಲ್ಲಿದೆಯೇ ಎಂಬುದನ್ನು ಕೊರೆಯುವ ಯಂತ್ರ ಕರೆಸುವ ಮೊದಲೇ ಖಚಿತಪಡಿಸಿಕೊಳ್ಳಬೇಕು.

(ಉ) ಗಂಗಾ ಕಲ್ಯಾಣ ಯೋಜನೆಯಡಿ ಅರ್ಹ ಸಣ್ಣ ಮತ್ತು ಅತಿಸಣ್ಣ ರೈತರು ಸಂಬಂಧಪಟ್ಟ ಅಭಿವೃದ್ಧಿ ನಿಗಮಕ್ಕೆ ಅರ್ಜಿ ಸಲ್ಲಿಸಬಹುದಾಗಿದೆ. ಪಹಣಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ ಇತ್ಯಾದಿ ದಾಖಲೆಗಳಿಗಾಗಿ ನಾಡಕಛೇರಿಯನ್ನು ಸಂಪರ್ಕಿಸುವುದು.

(ಊ) ನೀರು ಬಾರದ ಕೊಳವೆಬಾವಿಯನ್ನು ತೆರೆದಿಡುವುದು ಮಕ್ಕಳ ಪ್ರಾಣಕ್ಕೆ ಅಪಾಯ. 2024ರ ಏಪ್ರಿಲ್‌ನಲ್ಲಿ ನೆರೆಯ ವಿಜಯಪುರ ಜಿಲ್ಲೆಯ ಇಂಡಿ ತಾಲೂಕಿನ ಲಚ್ಯಾಣ ಗ್ರಾಮದಲ್ಲಿ ಕೊಳವೆಬಾವಿಗೆ ಬಿದ್ದ ಮಗುವನ್ನು, ಪಕ್ಕದಲ್ಲಿ ಗುಂಡಿ ತೋಡಿ ಸುಮಾರು 20 ಗಂಟೆಗಳ ನಂತರ ಜೀವಂತವಾಗಿ ಹೊರತೆಗೆಯಲಾಯಿತು. ನೆಲದಡಿಯ ಗಟ್ಟಿ ಬಂಡೆಯಿಂದಾಗಿ ಕಾರ್ಯಾಚರಣೆ ಕಠಿಣವಾಗಿತ್ತು. ಸರ್ವೋಚ್ಚ ನ್ಯಾಯಾಲಯವು 2010ರಲ್ಲಿ ನೀಡಿದ ಮಾರ್ಗಸೂಚಿಯಂತೆ ಬಾವಿ ಕೊರೆಯುವ 15 ದಿನ ಮೊದಲು ಸಂಬಂಧಿಸಿದ ಅಧಿಕಾರಿಗಳಿಗೆ ತಿಳಿಸತಕ್ಕದ್ದು. ಕೊರೆಯುವಾಗ ಬೇಲಿ ಮತ್ತು ಸೂಚನಾಫಲಕ ಹಾಕತಕ್ಕದ್ದು. ಕೈಬಿಟ್ಟ ಕೊಳವೆಯನ್ನು ತಳದಿಂದ ನೆಲಮಟ್ಟದವರೆಗೆ ಮಣ್ಣು, ಮರಳು, ಕಲ್ಲಿನ ತುಂಡುಗಳಿಂದ ತುಂಬತಕ್ಕದ್ದು.

7.2 ಎರೆಭೂಮಿಯಲ್ಲಿ ಮನೆ ನಿರ್ಮಾಣ

ಎರೆಮಣ್ಣಿನ ಜೇಡಿಯು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಬೇಸಿಗೆಯಲ್ಲಿ ಹೊಲದಲ್ಲಿ ಕೈ ತೂರುವಷ್ಟು ಅಗಲದ ಬಿರುಕು ಕಾಣುವುದು ಇದೇ ಕಾರಣದಿಂದ. ಇದರ ಮೇಲೆ ಆಳವಿಲ್ಲದ ಪಾಯ ಹಾಕಿದಲ್ಲಿ ಮಳೆಗಾಲದಲ್ಲಿ ಮೇಲೆದ್ದು, ಬೇಸಿಗೆಯಲ್ಲಿ ಕುಳಿತು, ಬಾಗಿಲು ಕಿಟಕಿಗಳ ಮೂಲೆಯಿಂದ ಗೋಡೆ ಓರೆಯಾಗಿ ಸೀಳುತ್ತದೆ.

ವಸತಿ ಯೋಜನೆಗಳ ಫಲಾನುಭವಿಗಳು ಮತ್ತು ಸ್ವಂತ ಖರ್ಚಿನಲ್ಲಿ ಮನೆ ಕಟ್ಟುವವರು ಪಾಯವನ್ನು ಎರೆಮಣ್ಣು ದಾಟಿಸಿ ಮುರುಮಿನವರೆಗೆ ಇಳಿಸುವುದು ಉತ್ತಮ. ಎರೆಮಣ್ಣು ಬಹಳ ಆಳವಿದ್ದಲ್ಲಿ ಬುಡ ಅಗಲವಾಗಿರುವ ಕಾಂಕ್ರೀಟ್ ಕಂಬಗಳ ಪಾಯದ ಬಗ್ಗೆ ಅಭಿಯಂತರರ ಸಲಹೆ ಪಡೆಯಬೇಕು. ಪಾಯದ ತಗ್ಗನ್ನು ತೆಗೆದ ಎರೆಮಣ್ಣಿನಿಂದಲೇ ಮುಚ್ಚದೆ ಮುರುಮಿನಿಂದ ತುಂಬಿ ಗಟ್ಟಿಗೊಳಿಸಬೇಕು. ಬಚ್ಚಲು ನೀರು ಮತ್ತು ಸೂರಿನ ನೀರು ಗೋಡೆಯ ಬುಡದಲ್ಲಿ ನಿಲ್ಲದಂತೆ ನೋಡಿಕೊಳ್ಳಬೇಕು.

7.3 ಮಣ್ಣು ಪರೀಕ್ಷೆ

ಮನೆಗೆ ತೊಡಕಾಗುವ ಇದೇ ಗುಣ ಬೆಳೆಗೆ ವರವಾಗಿದೆ. ಮುಂಗಾರಿನ ತೇವವನ್ನು ಹಿಡಿದಿಡುವ ಎರೆಮಣ್ಣಿನಿಂದಾಗಿ ಹಿಂಗಾರಿ ಬಿಳಿಜೋಳ, ಕಡಲೆ, ಕುಸುಬೆ ನೀರಾವರಿಯಿಲ್ಲದೆಯೂ ಬೆಳೆಯುತ್ತವೆ. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತಿದೆ. ಎರೆಮಣ್ಣಿನಲ್ಲಿ ಸುಣ್ಣ ಮತ್ತು ಪೊಟ್ಯಾಷ್ ಅಂಶ ಸಾಮಾನ್ಯವಾಗಿ ಸಾಕಷ್ಟಿದ್ದರೂ ಸಾರಜನಕ ಹಾಗೂ ಸತುವಿನ ಕೊರತೆ ಕಾಣುವುದುಂಟು. ಬಸಿಗಾಲುವೆಯಿಲ್ಲದೆ ಅತಿಯಾಗಿ ನೀರು ಹಾಯಿಸಿದಲ್ಲಿ ಜವಳಾಗುವ ಸಂಭವವಿದೆ. ಆದುದರಿಂದ ರೈತರು ಹೋಬಳಿ ಮಟ್ಟದ ರೈತ ಸಂಪರ್ಕ ಕೇಂದ್ರದ ಮೂಲಕ ಮಣ್ಣಿನ ಮಾದರಿ ನೀಡಿ ಮಣ್ಣು ಆರೋಗ್ಯ ಚೀಟಿ ಪಡೆದು, ಅದರಂತೆ ಗೊಬ್ಬರ ಬಳಸುವುದು ಸೂಕ್ತ.

7.4 ಕಲ್ಲು ಮತ್ತು ಮುರುಂ

ಕಟ್ಟಡದ ಕಲ್ಲು, ಖಡಿ ಹಾಗೂ ಮುರುಂ ಉಪಖನಿಜಗಳಾಗಿದ್ದು, ಇವುಗಳ ಗಣಿಗಾರಿಕೆಗೆ ಕರ್ನಾಟಕ ಉಪಖನಿಜ ರಿಯಾಯಿತಿ ನಿಯಮಗಳು, 1994 ಅನ್ವಯವಾಗುತ್ತವೆ. ಇದಕ್ಕಾಗಿ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಜಿಲ್ಲಾ ಕಛೇರಿಗೆ ಅರ್ಜಿ ಸಲ್ಲಿಸಬೇಕು. ಮುರುಂ ತೆಗೆದಷ್ಟೂ ಮಳೆನೀರು ಇಂಗಿ ನಿಲ್ಲುವ ಪದರ ಕಡಿಮೆಯಾಗುವುದೆಂಬುದನ್ನು ಗ್ರಾಮಸ್ಥರು ಗಮನದಲ್ಲಿಡುವುದು ಒಳಿತು.

8. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಆಳಂದ, ಅಫಜಲಪುರ ಭಾಗದಲ್ಲಿ ಮತ್ತೆ ಜ್ವಾಲಾಮುಖಿ ಏಳುವ ಸಾಧ್ಯತೆ ಇದೆಯೇ?
ಉತ್ತರ: ಇಲ್ಲಿ ಲಾವಾ ಹರಿಯುವುದು ನಿಂತು ಕೋಟ್ಯಂತರ ವರ್ಷಗಳಾಗಿವೆ. ಅದಕ್ಕೆ ಕಾರಣವಾದ ಬಿಸಿತಾಣವು ಈಗ ಸಾವಿರಾರು ಕಿಲೋಮೀಟರ್ ದೂರದ ಹಿಂದೂ ಮಹಾಸಾಗರದಲ್ಲಿದೆ. ಈ ಭಾಗದಲ್ಲಿ ಜ್ವಾಲಾಮುಖಿಯ ಯಾವುದೇ ಲಕ್ಷಣವಿಲ್ಲ. ಈ ಬಗೆಯ ವದಂತಿಗಳಿಗೆ ಕಿವಿಗೊಡಬಾರದು.

ಪ್ರಶ್ನೆ: ಹಾಗಾದರೆ ಭೂಕಂಪ ಮತ್ತು ಭೂಮಿಯೊಳಗಿನ ಸದ್ದು ಏತಕ್ಕೆ?
ಉತ್ತರ: ಅವು ಜ್ವಾಲಾಮುಖಿಗೆ ಸಂಬಂಧಿಸಿದವಲ್ಲ. 1993ರ ಸೆಪ್ಟೆಂಬರ್ 30ರಂದು ಕಿಲ್ಲಾರಿಯಲ್ಲಿ ಸಂಭವಿಸಿದ 6.2 ತೀವ್ರತೆಯ ಭೂಕಂಪದಲ್ಲಿ ಸುಮಾರು 10,000 ಜನ ಮೃತಪಟ್ಟರು. ಲಾವಾ ಪದರದ ಅಡಿಯಲ್ಲಿರುವ ಪ್ರಾಚೀನ ಶಿಲೆಯಲ್ಲಿನ ಒತ್ತಡ ಒಮ್ಮೆಲೇ ಬಿಡುಗಡೆಯಾದುದು ಅದಕ್ಕೆ ಕಾರಣ. ಭಾರವಾದ ಕಲ್ಲುಮಣ್ಣಿನ ಗೋಡೆಗಳು ಕುಸಿದುದರಿಂದ ಸಾವುನೋವು ಹೆಚ್ಚಿತು. 2021ರ ಅಕ್ಟೋಬರ್‌ನಲ್ಲಿ ಚಿಂಚೋಳಿ ತಾಲೂಕಿನ ಗಡಿಕೇಶ್ವರ ಹಾಗೂ ಸುತ್ತಲಿನ ಗ್ರಾಮಗಳಲ್ಲಿ ಸದ್ದಿನೊಂದಿಗೆ ಲಘು ಕಂಪನಗಳಾದಾಗ, ಮಳೆಗಾಲದ ನಂತರ ನೀರು ಶಿಲೆಯ ಬಿರುಕುಗಳೊಳಗೆ ಇಳಿದು ಉಂಟಾಗುವ ಒತ್ತಡ ಇದಕ್ಕೆ ಕಾರಣವೆಂದು ತಜ್ಞರು ಅಭಿಪ್ರಾಯಪಟ್ಟರು.

ಪ್ರಶ್ನೆ: ಕಂಪನದ ಅನುಭವವಾದಲ್ಲಿ ಏನು ಮಾಡಬೇಕು?
ಉತ್ತರ: ಮನೆಯೊಳಗಿದ್ದಲ್ಲಿ ಗಟ್ಟಿಯಾದ ಮೇಜಿನ ಕೆಳಗೆ ಆಶ್ರಯ ಪಡೆದು, ಕಂಪನ ನಿಂತೊಡನೆ ಬಯಲಿಗೆ ಬರಬೇಕು. ಹಳೆಯ ಕಲ್ಲುಗೋಡೆ ಹಾಗೂ ವಿದ್ಯುತ್ ಕಂಬಗಳಿಂದ ದೂರವಿರಬೇಕು. ಜಿಲ್ಲಾ ತುರ್ತು ಸಹಾಯವಾಣಿ 1077ಕ್ಕೆ ಮಾಹಿತಿ ನೀಡಬೇಕು. ರಾಜ್ಯದಲ್ಲಿನ ಭೂಕಂಪನಗಳ ಅಧಿಕೃತ ವಿವರವನ್ನು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಪ್ರಕಟಿಸುತ್ತದೆ.

ಪ್ರಶ್ನೆ: ಮಹಾರಾಷ್ಟ್ರದ ಲೋನಾರ್ ಸರೋವರ ಜ್ವಾಲಾಮುಖಿಯ ಬಾಯಿಯೇ?
ಉತ್ತರ: ಅಲ್ಲ. ಸುಮಾರು 1.8 ಕಿಲೋಮೀಟರ್ ಅಗಲದ ಆ ಕುಳಿಯು ದಖ್ಖನ್ ಬಸಾಲ್ಟ್‌ನ ಮೇಲೆ ಉಲ್ಕೆ ಅಪ್ಪಳಿಸಿ ಉಂಟಾದುದಾಗಿದೆ.

ಪ್ರಶ್ನೆ: ನೆರೆಹೊಲದಲ್ಲಿ ಧಾರಾಳ ನೀರಿದ್ದು ಪಕ್ಕದ ಹೊಲದಲ್ಲಿ ಏಕೆ ಸಿಗುವುದಿಲ್ಲ?
ಉತ್ತರ: ಬಸಾಲ್ಟ್‌ನಲ್ಲಿ ನೀರು ಕೆರೆಯಂತೆ ಎಲ್ಲೆಡೆ ಹರಡಿರುವುದಿಲ್ಲ. ನೆರೆಹೊಲದ ಕೊಳವೆಯು ಒಂದು ಬಿರುಕನ್ನು ಸಂಧಿಸಿರಬಹುದು. ಆ ಬಿರುಕು ಪಕ್ಕದ ಹೊಲದ ಕೆಳಗೆ ಹಾಯದಿರಬಹುದು. ಒಂದೇ ಬಿರುಕಿಗೆ ಹಲವು ಕೊಳವೆಗಳು ಸೇರಿದಲ್ಲಿ ಎಲ್ಲವೂ ಬೇಗ ಬತ್ತುತ್ತವೆ.

ಪ್ರಶ್ನೆ: ಬತ್ತಿದ ಬಾವಿಗೆ ಪುನಃ ನೀರು ಬರುವಂತೆ ಮಾಡಬಹುದೇ?
ಉತ್ತರ: ಬಸಾಲ್ಟ್‌ನ ಶಿಥಿಲ ಪದರ ಮಳೆಗಾಲದಲ್ಲಿ ತುಂಬಿ ಬೇಸಿಗೆಗೆ ಬರಿದಾಗುವ ಸಣ್ಣ ಕಣಜದಂತಿದೆ. ಬದು ನಿರ್ಮಾಣ, ಕೃಷಿ ಹೊಂಡ, ನಾಲಾ ತಡೆ, ಕೆರೆ ಹೂಳೆತ್ತುವಿಕೆಗಳಿಂದ ಅದು ಮತ್ತೆ ತುಂಬಲು ಸಹಾಯವಾಗುತ್ತದೆ. ಮಹಾತ್ಮ ಗಾಂಧಿ ಅವರ ಹೆಸರಿನ ಉದ್ಯೋಗ ಖಾತರಿ ಯೋಜನೆಯಡಿ ಇಂತಹ ಅನೇಕ ಕಾಮಗಾರಿಗಳನ್ನು ಕೈಗೊಳ್ಳಲಾಗಿದೆ. ತಮ್ಮ ಗ್ರಾಮದಲ್ಲಿ ಯಾವ ಕಾಮಗಾರಿಗೆ ಅವಕಾಶವಿದೆ ಎಂಬುದನ್ನು ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸುವುದು.

9. ಸಾರಾಂಶ

ಕರಜಗಿ ಭಾಗದ ನೆಲವನ್ನು ರೂಪಿಸಿದ ಜ್ವಾಲಾಮುಖಿಗಳು ಶಾಶ್ವತವಾಗಿ ಆರಿವೆ. ಅವುಗಳ ಭಯ ಅನಗತ್ಯ. ಆದರೆ ಅವು ಬಿಟ್ಟುಹೋದ ಪದರಗಳೇ ಇಂದು ಈ ಭಾಗದ ನೀರು, ಮನೆ ಮತ್ತು ಬೆಳೆಯನ್ನು ನಿರ್ಧರಿಸುತ್ತಿವೆ. ಅರ್ಜಿ ಸಲ್ಲಿಸುವ ಮುನ್ನ ತಮ್ಮ ಜಮೀನಿನ ಸಮೀಪದ ತೆರೆದ ಬಾವಿಯೊಂದರ ಗೋಡೆಯನ್ನು ಒಮ್ಮೆ ಗಮನಿಸಿ, ಎರೆಮಣ್ಣು ಎಷ್ಟು, ಮುರುಂ ಎಷ್ಟು, ಗಟ್ಟಿ ಕಲ್ಲು ಎಲ್ಲಿಂದ ಎಂಬುದನ್ನು ಬರೆದುಕೊಳ್ಳುವುದರಿಂದ ಅರ್ಜಿದಾರರ ಹಣ ಮತ್ತು ಶ್ರಮ ಎರಡೂ ಉಳಿಯುತ್ತವೆ.